ಎಳೆ ಚೆನ್ನಾಗಿತ್ತು, ಸಂದು ಸಾಲದಾಗಿತ್ತು

ಪುಣೆಯ ನಮ್ಮ ಲ್ಯಾಬ್‌ನಲ್ಲಿ ಪಿಸಿಎಲ್ ಅನ್ನೋ ಪಾಲಿಮರ್‌ನಿಂದ ಎಳೆ ತೆಗೆಯುತ್ತೇವೆ. ಮೈಯೊಳಗೆ ನಿಧಾನಕ್ಕೆ ಸವೆಯುವ ವಸ್ತು ಇದು, ಪೂರ್ತಿ ಹೋಗೋಕೆ ಎರಡು ವರ್ಷಕ್ಕಿಂತ ಜಾಸ್ತಿ ಹಿಡಿಯಬಹುದು. ದ್ರಾವಣವನ್ನು ಸಿರಿಂಜ್‌ಗೆ ತುಂಬಿ, ಸೂಜಿಗೆ 15 ಕಿಲೋವೋಲ್ಟ್ ಆಸುಪಾಸು ಕೊಟ್ಟರೆ, ತಿರುಗುವ ಡ್ರಮ್ ಮೇಲೆ ಕೂದಲಿಗಿಂತ ಎಷ್ಟೋ ತೆಳುವಾದ ಎಳೆ ಬಂದು ಕೂತು, ಹಾಳೆಯಾಗುತ್ತದೆ. ಜೀವಕೋಶ ಬೆಳೆಸೋಕೆ ಈ ಹಾಳೆಯೇ ಆಸರೆ.

ಎಳೆ ಚೆನ್ನಾಗೇ ಬರುತ್ತಿತ್ತು. ಆದರೆ ಜೀವಕೋಶಗಳು ಹಾಳೆಯ ಮೇಲಷ್ಟೇ ಬೆಳೆದವು, ಒಳಗೆ ಇಳಿಯಲೇ ಇಲ್ಲ. ಅಡ್ಡಕ್ಕೆ ಕತ್ತರಿಸಿ ಬಣ್ಣ ಹಾಕಿದ ತುಂಡು ನೋಡಿ ಧಾರವಾಡದ ಗೆಳೆಯ, "ಒಳಗ ಹೋಗಾಕ ದಾರೀನ ಇಲ್ಲಲ್ಲೋ ಮಾರಾಯಾ" ಅಂದ. ಸರಿಯಾಗೇ ಹೇಳಿದ. ಎಳೆ ತೆಳುವಾದಷ್ಟೂ ಸಂದು ಕಿರಿದಾಗುತ್ತದೆ, ಅಲ್ವಾ?

ದಾರಿ ಮಾಡಿದ್ದು ಹೀಗೆ. ಡ್ರಮ್‌ನ ಇನ್ನೊಂದು ಬದಿಗೆ ಎರಡನೇ ಸೂಜಿ ಇಟ್ಟು, ನೀರಲ್ಲಿ ಕರಗುವ ಪಿಇಒ ಅನ್ನೋ ಇನ್ನೊಂದು ಪಾಲಿಮರ್‌ನ ಎಳೆಯನ್ನೂ ಜೊತೆಗೇ ಹಾಕಿದೆವು. ಆಮೇಲೆ ಹಾಳೆಯನ್ನು ನೀರಲ್ಲಿ ನೆನೆಸಿದರೆ ಪಿಇಒ ಹೋಗಿ, ಅದಿದ್ದ ಜಾಗ ಖಾಲಿ ಉಳಿಯುತ್ತದೆ. ಅತಿಯಾಸೆ ಬೇಡ, ಪಿಇಒ ಜಾಸ್ತಿಯಾದರೆ ತೊಳೆದ ಮೇಲೆ ಹಾಳೆ ಕುಸಿದು ಮುದುಡುತ್ತದೆ.

ಜುಲೈ ಮಳೆ ಬೇರೆ. ಗಾಳಿಯ ತೇವಕ್ಕೆ ಪಿಇಒ ಸರಿಯಾಗಿ ಒಣಗದೆ ಹನಿಹನಿಯಾಗಿ ಬೀಳುತ್ತಿತ್ತು. ಕೋಣೆಗೆ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಹಾಕಿಸಿದ ಮೇಲೆ ನಿಂತಿತು. ತೊಳೆದ ಹಾಳೆಯನ್ನು ಬಿಸಿ ಓವನ್‌ಗೆ ಮಾತ್ರ ಹಾಕಬೇಡಿ, ಪಿಸಿಎಲ್ ಸುಮಾರು 60 ಡಿಗ್ರಿಗೇ ಕರಗುತ್ತದೆ. ಫ್ರೀಜ್ ಡ್ರೈ ಮಾಡಿ, ಅಂದರೆ ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಿ. ಈಗ ಕೋಶಗಳು ಒಳಗೂ ಕಾಣುತ್ತಿವೆ, ನಟ್ಟನಡುವಿಗೆ ಇನ್ನೂ ತಲುಪಿಲ್ಲ.