ಮ್ಯಾಮೋಗ್ರಾಂ ಆಯ್ತು, ಮುಂದೆ ಯಾವ ಸ್ಕ್ಯಾನ್?

ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್-ರೇ, ನೋಡಿದ ವೈದ್ಯರು "ಇನ್ನೊಂದು ಸ್ಕ್ಯಾನ್ ಬೇಕು" ಎಂದ ಕೂಡಲೇ, "ಎಂಆರ್‌ಐನೇ ಮಾಡಿಸಿಬಿಡೋಣ" ಅನ್ನುವವರೇ ಜಾಸ್ತಿ. ದುಬಾರಿಯದ್ದೇ ಒಳ್ಳೆಯದು ಅನ್ನೋ ನಂಬಿಕೆ! ಅದಕ್ಕೂ ಮೊದಲು ಕೈಯಲ್ಲಿರುವ ರಿಪೋರ್ಟ್ ಓದಿ.

ಕೊನೆಯಲ್ಲಿ ಬೈ-ರಾಡ್ಸ್ ಅಂತ, ಚಿತ್ರ ನೋಡಿದವರ ತೀರ್ಮಾನ ತಿಳಿಸುವ ಒಂದು ಸಂಖ್ಯೆ ಇರುತ್ತದೆ. 0 ಅಂದರೆ ಏನೂ ಇಲ್ಲ ಅಂತಲ್ಲ, ಇನ್ನಷ್ಟು ಚಿತ್ರ ಬೇಕು ಅಂತ. 4 ಅಥವಾ 5 ಇದ್ದರೆ ಬಯಾಪ್ಸಿಯ, ಅಂದರೆ ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸುವ ಮಾತು ಬರುತ್ತದೆ. ಜೊತೆಗೆ ಸ್ತನದ ಸಾಂದ್ರತೆಯನ್ನು ಎ ಇಂದ ಡಿ ತನಕ ಗುರುತಿಸಿರುತ್ತಾರೆ. ಸಿ, ಡಿ ಅಂದರೆ ದಟ್ಟ. ಮ್ಯಾಮೋಗ್ರಾಂನಲ್ಲಿ ದಟ್ಟ ಅಂಗಾಂಶವೂ ಬಿಳಿ, ಗಡ್ಡೆಯೂ ಬಿಳಿ. ಕಣ್ತಪ್ಪುವುದು ಇಲ್ಲೇ.

ಕೈಗೆ ಗಂಟು ಸಿಕ್ಕಿದೆಯೇ? ಹಾಗಾದರೆ ಅಲ್ಟ್ರಾಸೌಂಡ್. ಅದು ನೀರು ತುಂಬಿದ ಗುಳ್ಳೆಯೋ, ಗಟ್ಟಿ ಗಡ್ಡೆಯೋ ಅಂತ ಹೇಳುತ್ತದೆ. ವಿಕಿರಣ ಇಲ್ಲ, ಹಾಗಾಗಿ ಚಿಕ್ಕ ವಯಸ್ಸಿನವರಿಗೂ ಗರ್ಭಿಣಿಯರಿಗೂ ಮೊದಲು ಇದನ್ನೇ ಮಾಡುತ್ತಾರೆ. ಆದರೆ ಸುಣ್ಣದ ಸಣ್ಣ ಕಣಗಳು ಕಾಣುವುದು ಮ್ಯಾಮೋಗ್ರಾಂನಲ್ಲೇ. ಒಂದು ಮಾಡಿಸಿದರೆ ಇನ್ನೊಂದು ಬೇಡ ಅನ್ನುವಂತಿಲ್ಲ.

ಒಂದರ ಮೇಲೊಂದು ಬಿದ್ದ ನೆರಳಿನಿಂದ ಅನುಮಾನ ಬಂದಿದ್ದರೆ ಸ್ತನವನ್ನು ಪದರ ಪದರವಾಗಿ ತೋರಿಸುವ 3ಡಿ ಮ್ಯಾಮೋಗ್ರಾಂ ಸಾಕಾಗಬಹುದು.

ಎಂಆರ್‌ಐ ಕೆಲಸ ಮಾಡುವ ರೀತಿಯೇ ಬೇರೆ. ಕ್ಯಾನ್ಸರ್ ತನಗಾಗಿ ಹೊಸ ರಕ್ತನಾಳ ಬೆಳೆಸಿಕೊಳ್ಳುತ್ತದೆ, ಅವು ಸೋರುತ್ತವೆ. ರಕ್ತನಾಳಕ್ಕೆ ಚುಚ್ಚಿ ಕೊಟ್ಟ ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ದ್ರವ (ಚಿತ್ರದಲ್ಲಿ ಎದ್ದು ಕಾಣಿಸುವ ಔಷಧಿ) ಅಲ್ಲಿ ಸೇರಿ ಹೊಳೆಯುತ್ತದೆ. ಸ್ತನ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ ಬಿಆರ್‌ಸಿಎ ಜೀನ್ ದೋಷ ಇರುವವರಿಗೆ ಇದು ಬೇಕೇ ಬೇಕು. ಮುಟ್ಟಾಗುತ್ತಿದ್ದರೆ, ತುರ್ತು ಇಲ್ಲದಿದ್ದಾಗ, ಮುಟ್ಟು ಶುರುವಾದ ದಿನದಿಂದ ಎಣಿಸಿ 7ರಿಂದ 14ನೇ ದಿನದೊಳಗೆ ಮಾಡಿಸುವುದು ಒಳ್ಳೆಯದು. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ಕೆಲವೊಮ್ಮೆ ನಿರುಪದ್ರವಿ ಗಂಟೂ ಹೊಳೆಯುತ್ತದೆ, ಸುಮ್ನೆ ಬಯಾಪ್ಸಿ ಆಗುತ್ತದೆ.

ಇದೇ ಉಪಾಯವನ್ನು ಅಯೋಡಿನ್ ಬಳಸಿ ಮಾಡುವುದು ಕಾಂಟ್ರಾಸ್ಟ್ ಮ್ಯಾಮೋಗ್ರಾಂ. ಕಿಡ್ನಿ ತೊಂದರೆ, ಅಯೋಡಿನ್ ಕಾಂಟ್ರಾಸ್ಟ್ ಅಲರ್ಜಿ ಇದ್ದವರು ಎಚ್ಚರ. 2025ರಲ್ಲಿ ಪ್ರಕಟವಾದ ಬ್ರಿಟನ್‌ನ ಬ್ರೇಡ್ ಅಧ್ಯಯನ ದಟ್ಟ ಸ್ತನದ, ಆದರೆ ಮ್ಯಾಮೋಗ್ರಾಂ ಸರಿಯಿದ್ದ ಮಹಿಳೆಯರನ್ನು ಪರೀಕ್ಷಿಸಿತು. ಪ್ರತಿ 1,000 ತಪಾಸಣೆಗೆ ಕಾಂಟ್ರಾಸ್ಟ್ ಮ್ಯಾಮೋಗ್ರಾಂ ಸುಮಾರು 19, ಚಿಕ್ಕ ಅವಧಿಯ ಎಂಆರ್‌ಐ ಸುಮಾರು 17, ಯಂತ್ರವೇ ನಡೆಸುವ ಅಲ್ಟ್ರಾಸೌಂಡ್ ಸುಮಾರು 4 ಕ್ಯಾನ್ಸರ್ ಹುಡುಕಿದವು. ಅಲ್ಟ್ರಾಸೌಂಡ್ ಕ್ಲೀನ್ ಬಂದ ಮಾತ್ರಕ್ಕೆ ನಿಶ್ಚಿಂತೆ ಬೇಡ, ಅಲ್ವಾ?

ಎಲ್ಲ ಸ್ಕ್ಯಾನ್ ಸರಿಯಿದ್ದೂ ಗಂಟು ಅನುಮಾನ ಹುಟ್ಟಿಸುತ್ತಿದ್ದರೆ ಬಯಾಪ್ಸಿ ಬಗ್ಗೆ ಕೇಳಿ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವ ಭಯಕ್ಕೆ ಬೀಳಬೇಡಿ. ಹೋಗುವಾಗ ಹಳೆಯ ಫಿಲ್ಮು, ಸಿಡಿ ಒಯ್ಯಿರಿ. ಹೋಲಿಸಿ ನೋಡಿದರೆ ಎಷ್ಟೋ ಸಲ ಹೊಸ ಸ್ಕ್ಯಾನೇ ಬೇಕಾಗುವುದಿಲ್ಲ.