ಮುದ್ದೆ ಬಿಡಿಸದೆ ನಮ್ಮ ಕೆಂಚನ ಚರ್ಮ, ಕೂದಲು ಸರಿ ಮಾಡಿಕೊಂಡಿದ್ದು ಹೀಗೆ

ನಮ್ಮ ಮಂಡ್ಯ ಕಡೆ ಮನೆ ನಾಯಿ ಅಂದರೆ ಮನೆಯವರು ಉಂಡಿದ್ದನ್ನೇ ಉಣ್ಣುತ್ತದೆ. ಮುದ್ದೆ ಮಜ್ಜಿಗೆ, ಇಲ್ಲಾಂದ್ರೆ ಅನ್ನ, ಮೇಲೊಂದಿಷ್ಟು ಸಾರು. ನಮ್ಮ ಕೆಂಚನೂ ಹಾಗೇ ಬೆಳೆದ ನಾಟಿ ನಾಯಿ. ಒಂದು ಬೇಸಿಗೆಯಲ್ಲಿ ಅವನ ಕೂದಲು ಒರಟಾಗಿ ಬಣ್ಣಗೆಟ್ಟಿತು, ಬೆನ್ನ ಮೇಲೆ ಹೊಟ್ಟು ಎದ್ದಿತು, ಮೊಣಕೈ ಹತ್ತಿರ ಚರ್ಮ ದಪ್ಪಗಾಗಿ ಪದರ ಕಟ್ಟಿತು, ಸುಮ್ನೆ ಕೈಯಾಡಿಸಿದರೂ ಅಂಗೈ ತುಂಬ ಕೂದಲು ಬರೋದು. ಬೇವಿನೆಣ್ಣೆ ಹಚ್ಚಿ, ಶಾಂಪೂ ಬದಲಿಸಿ ಅಂತ ನೋಡಿದವರೆಲ್ಲ ಹೇಳಿದರು. ಕೊನೆಗೆ ಕೆಲಸ ಮಾಡಿದ್ದು ಊಟ.

ಆದರೆ ಮೊದಲು ಪಶು ಆಸ್ಪತ್ರೆಗೆ ಹೋಗಿ. ಇದನ್ನು ದಯವಿಟ್ಟು ಬಿಡಬೇಡಿ. ಕಜ್ಜಿ ಹುಳ, ಉಣ್ಣೆ, ಚಿಗಟ, ಫಂಗಸ್, ಥೈರಾಯ್ಡ್ ಇವೆಲ್ಲದರಿಂದಲೂ ಕೂದಲು ಉದುರುತ್ತದೆ, ಅವುಗಳಿಗೆ ಎಷ್ಟು ಮೊಟ್ಟೆ ಹಾಕಿದರೂ ಪ್ರಯೋಜನವಿಲ್ಲ. ಡಾಕ್ಟರು ಕೆಂಚನ ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು, ಹುಳ ಇರಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, ಏನು ಹಾಕ್ತೀರಿ ಇವನಿಗೆ?

ಕೂದಲು ಅನ್ನೋದು ಹೆಚ್ಚುಕಮ್ಮಿ ಪೂರ್ತಿ ಪ್ರೋಟೀನ್. ನಾಯಿ ತಿಂದ ಪ್ರೋಟೀನಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಚರ್ಮ, ಕೂದಲಿಗೇ ಹೋಗಬಹುದು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಇರೋದು ಸುಮಾರು 7 ಗ್ರಾಂ ಪ್ರೋಟೀನ್. ನೀರು ಸೇರಿಸಿ ಮುದ್ದೆ ಮಾಡಿದ ಮೇಲೆ ತುತ್ತಿಗೆ ಇನ್ನೂ ಕಡಿಮೆ. ಕೊಬ್ಬಂತೂ ಹೆಸರಿಗೆ ಮಾತ್ರ. ಇನ್ನೊಂದು ವಿಷಯವನ್ನು ಡಾಕ್ಟರು ಬಿಡಿಸಿ ಹೇಳಿದರು. ರಾಗಿಯಲ್ಲಿ ಕ್ಯಾಲ್ಸಿಯಂ ಬಹಳ, ಜೊತೆಗೆ ಫೈಟೇಟ್ ಅನ್ನೋ ಅಂಶ ಇದೆ, ಇವೆರಡೂ ಸೇರಿ ಊಟದಲ್ಲಿರುವ ಜಿಂಕ್ ಮೈಗೆ ಹತ್ತದಂತೆ ತಡೆಯುತ್ತವೆ. ಜಿಂಕ್ ಕಡಿಮೆಯಾದರೆ ಕಣ್ಣು, ಬಾಯಿ, ಮೊಣಕೈ ಸುತ್ತ ಚರ್ಮ ದಪ್ಪಗಾಗಿ ಹಕ್ಕಳೆ ಕಟ್ಟುತ್ತದೆ. ಹಾಗಂತ ಅಂಗಡಿಯಿಂದ ಜಿಂಕ್ ಮಾತ್ರೆ ತಂದು ನೀವೇ ಹಾಕಬೇಡಿ, ಜಾಸ್ತಿಯಾದರೆ ಅದು ವಿಷ.

ಅವ್ವ ಒಪ್ಪಲಿಲ್ಲ. "ನಮ್ ಕಾಲ್ದಲ್ಲಿ ಮುದ್ದೆ ತಿಂದ್ಕೊಂಡೇ ನಾಯಿ ಗುಂಡುಗುಂಡುಗೆ ಇರ್ತಿರ್ಲಿಲ್ವಾ?" ಇದ್ದವು, ನಿಜ. ಆದರೆ ಆಗಿನ ನಾಯಿಗಳು ಕಬ್ಬಿನ ಗದ್ದೆಯಲ್ಲಿ ಇಲಿ ಹಿಡಿಯುತ್ತಿದ್ದವು, ನಾಲೆ ಬದಿಯಲ್ಲಿ ಮೀನು ಏಡಿ ತಿನ್ನುತ್ತಿದ್ದವು, ಕೋಳಿ ಕೊಯ್ದ ಮನೆ ಮುಂದೆ ಅವಕ್ಕೂ ಪಾಲು ಸಿಗುತ್ತಿತ್ತು. ಮುದ್ದೆ ಅವುಗಳ ಅರ್ಧ ಊಟ ಅಷ್ಟೇ. ಈಗ ಕಾಂಪೌಂಡಿನೊಳಗೆ ಕಟ್ಟಿ ಹಾಕಿ ಆ ಅರ್ಧವನ್ನೇ ಪೂರ್ತಿ ಮಾಡಿದ್ದೇವೆ. ಇದನ್ನು ಹೇಳಿದ ಮೇಲೆ ಅವ್ವನೇ ದಿನಾ ಮೊಟ್ಟೆ ಬೇಯಿಸಲು ಶುರು ಮಾಡಿದಳು.

ಮೊಟ್ಟೆ ಬೇಯಿಸಿಯೇ ಹಾಕಬೇಕು. ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಅನ್ನೋದು ಕೂದಲಿಗೆ ಬೇಕಾದ ಬಯೋಟಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಯಿಸಿದರೆ ಆ ತೊಂದರೆ ಇಲ್ಲ. ಕೋಳಿ ಅಂಗಡಿಯಿಂದ ಎಲುಬಿಲ್ಲದ ಚೂರು ತಂದು ಬೇಯಿಸುತ್ತೇನೆ. ಈಲಿ, ಅಂದರೆ ಲಿವರ್, ಆಗಾಗ ಒಂದು ಚೂರು ಮಾತ್ರ, ಅದರಲ್ಲಿ ವಿಟಮಿನ್ ಎ ತುಂಬಾ ಜಾಸ್ತಿ. ಮುದ್ದೆಯನ್ನು ಮೊದಲಿನ ಅರ್ಧಕ್ಕಿಂತ ಕಡಿಮೆ ಮಾಡಿದೆ.

ನನ್ನ ಪ್ರಕಾರ ದೊಡ್ಡ ವ್ಯತ್ಯಾಸ ತಂದಿದ್ದು ಮೀನು. ಕರಾವಳಿಯಿಂದ ಐಸ್‌ನಲ್ಲಿ ಬರುವ ಬೂತಾಯಿ ಇದೆಯಲ್ಲ, ಅದರಲ್ಲಿ ಇಪಿಎ, ಡಿಎಚ್ಎ ಅನ್ನೋ ಒಮೆಗಾ 3 ಕೊಬ್ಬು ಚೆನ್ನಾಗಿದೆ. ಚರ್ಮದ ಉರಿ, ತುರಿಕೆ ತಗ್ಗಿಸೋದು ಅದೇ. ಉಪ್ಪು, ಖಾರ ಏನೂ ಇಲ್ಲದೆ ಕುಕ್ಕರಿನಲ್ಲಿ ಚೆನ್ನಾಗಿ ಕೂಗಿಸಿದರೆ ಮುಳ್ಳು ಬೆರಳಲ್ಲಿ ಹಿಸುಕುವಷ್ಟು ಮೆತ್ತಗಾಗುತ್ತದೆ. ಮನೆಯಲ್ಲಿ ಮೀನು ಮಾಡದವರು ಅಗಸೆ ಸಾಕಲ್ವಾ ಅಂತ ಕೇಳುತ್ತಾರೆ. ಅಗಸೆಯ ಒಮೆಗಾ 3 ಬೇರೆ ಥರದ್ದು, ನಾಯಿಯ ಮೈ ಅದನ್ನು ಇಪಿಎ ಆಗಿ ಬದಲಿಸಿಕೊಳ್ಳೋದು ತುಂಬಾ ಕಡಿಮೆ. ಅಂಥವರು ಡಾಕ್ಟರನ್ನು ಕೇಳಿ ಫಿಶ್ ಆಯಿಲ್ ಕೊಡಲಿ. ಕಾಡ್ ಲಿವರ್ ಆಯಿಲ್ ಬೇರೆ, ಅದರಲ್ಲಿ ವಿಟಮಿನ್ ಎ, ಡಿ ಇರೋದರಿಂದ ಅಳತೆ ತಪ್ಪಿದರೆ ಅಪಾಯ. ಸೂರ್ಯಕಾಂತಿ ಎಣ್ಣೆಯನ್ನೂ ಸಣ್ಣ ಚಮಚದಲ್ಲಿ ಹಾಕುತ್ತೇನೆ, ಅದರ ಲಿನೋಲಿಕ್ ಆಮ್ಲ ಚರ್ಮ ಒಣಗದಂತೆ ಕಾಯುತ್ತದೆ. ಎಣ್ಣೆ ಜಾಸ್ತಿ ಆದರೆ ಭೇದಿ, ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿಯೇ ಊದಿಕೊಳ್ಳುತ್ತದೆ.

ಸಾರು ಹಾಕೋದನ್ನು ಪೂರ್ತಿ ನಿಲ್ಲಿಸಿದೆವು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತವೆ, ಬೇಯಿಸಿದರೂ ಅಷ್ಟೇ. ಈಗ ಒಗ್ಗರಣೆಗೆ ಮುಂಚೆ ಬರೀ ಬೇಳೆಕಟ್ಟನ್ನು ತೆಗೆದಿಡುತ್ತೇವೆ.

ಊಟವನ್ನು ಒಂದೇ ದಿನದಲ್ಲಿ ಬದಲಿಸಬೇಡಿ, ವಾರ ಹತ್ತು ದಿನ ತಗೊಳ್ಳಿ. ಆಮೇಲೆ ಕಾಯಬೇಕು. ನಾಯಿಯ ಮೇಲ್ಚರ್ಮ ಹೊಸದಾಗಲು ಸುಮಾರು 3 ವಾರ ಬೇಕು, ಕೂದಲಲ್ಲಿ ಬದಲಾವಣೆ ಕಾಣಲು 6ರಿಂದ 8 ವಾರ. ಕೆಂಚನಿಗೆ ಮೊದಲು ಹೊಟ್ಟು ಕಮ್ಮಿಯಾಯಿತು, ಆಮೇಲೆ ಉದುರೋದು. ಹೊಳಪು ಬಂದಿದ್ದು ಹೊಸ ಕೂದಲು ಬಂದ ಮೇಲೆಯೇ.

ಇಷ್ಟೆಲ್ಲ ಮಾಡಿದರೂ ಕಿವಿ ಕೆಂಪಾಗಿ, ಪಾದ ನೆಕ್ಕುತ್ತಲೇ ಇದ್ದರೆ ಊಟದ ಅಲರ್ಜಿ ಇರಬಹುದು. ದನದ ಮಾಂಸ, ಹಾಲು, ಕೋಳಿಗೇ ಜಾಸ್ತಿ ನಾಯಿಗಳಲ್ಲಿ ಆಗೋದು. ಆಗ ಹಿಂದೆಂದೂ ತಿನ್ನದ ಒಂದೇ ಬಗೆಯ ಮಾಂಸವನ್ನು ಎಂಟು ವಾರ ಕೊಟ್ಟು ನೋಡಬೇಕು, ನಡುವೆ ಬಿಸ್ಕತ್ತಿನ ಚೂರೂ ಹಾಕುವಂತಿಲ್ಲ. ಅದನ್ನು ಡಾಕ್ಟರ ಜೊತೆ ಕೂತು ಮಾತಾಡಿಕೊಂಡೇ ಶುರು ಮಾಡಿ.