ಹಳತೋ ಹೊಸತೋ: ನನ್ನ ಕಿಟ್ ಕಾರಿನ ಬಿಡಿಭಾಗಗಳ ಲೆಕ್ಕ

ಕಿಟ್ ಕಾರೆಂದರೆ ಬಿಡಿಭಾಗಗಳಿಂದ ನಾವೇ ಜೋಡಿಸಿಕೊಳ್ಳುವ ಕಾರು. ನನಗೆ ಕಿಟ್ ಎಂದು ಬಂದದ್ದು ಚಾಸಿಸ್, ಸಸ್ಪೆನ್ಷನ್ ಆರ್ಮ್‌ಗಳು ಮತ್ತು ಫೈಬರ್‌ಗ್ಲಾಸ್ ಹೊದಿಕೆ, ಅಷ್ಟೇ. ಉಳಿದದ್ದನ್ನು ನಾನೇ ಹೊಂದಿಸಿಕೊಳ್ಳಬೇಕಿತ್ತು. ಲೋಟಸ್ ಸೆವೆನ್ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಮಾದರಿಯ ಎರಡು ಸೀಟಿನ ಕಾರು ಅದು. ಎಂಜಿನ್‌ನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ವರೆಗೆ ಎಲ್ಲವನ್ನೂ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5ರಿಂದ ತೆಗೆದುಕೊಳ್ಳುವುದೆಂದು ತೀರ್ಮಾನಿಸಿದ್ದೆ.

ಆರಂಭದಲ್ಲಿ ನನ್ನದು ಬರೀ ಹಣದ ಲೆಕ್ಕ: ಹಳೆಯದು ಸಿಕ್ಕರೆ ಹಳೆಯದು, ಸಿಗದಿದ್ದರೆ ಹೊಸದು. ಆ ಲೆಕ್ಕ ತಲೆಕೆಳಗಾದದ್ದು ಡಿಸ್ಕನ್ನು ಅದುಮಿ ಹಿಡಿಯುವ ಹಳೆಯ ಬ್ರೇಕ್ ಕ್ಯಾಲಿಪರ್‌ಗಳಲ್ಲಿ. ತಂತಿ ಬ್ರಷ್‌ನಿಂದ ಉಜ್ಜಿ ಬಣ್ಣ ಬಳಿದಾಗ ಹೊಸದರಂತೆಯೇ ಹೊಳೆಯುತ್ತಿದ್ದವು. ಸೀಲ್ ಕಿಟ್ ತರಿಸಿ ಪಿಸ್ಟನ್ ಹೊರತೆಗೆದೆ. ರಬ್ಬರ್ ಸೀಲ್ ಕೂರುವ ಜಾಗದಲ್ಲೇ ಮೆಣಸಿನ ಪುಡಿ ಚೆಲ್ಲಿದಂತೆ ತುಕ್ಕಿನ ಚುಕ್ಕೆಗಳು. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಹೊಸ ಪಿಸ್ಟನ್ ತರಿಸಿದೆ. ಆಮೇಲೆ ಗಾಳಿ ತೆಗೆಯುವ ನಿಪ್ಪಲ್ ಒಳಗೇ ಮುರಿಯಿತು. ಎಲ್ಲ ಕೂಡಿಸಿದರೆ ಹೊಸ ಕ್ಯಾಲಿಪರ್‌ನ ಬೆಲೆಯನ್ನೇ ದಾಟಿತ್ತು. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು!

ಅಂದಿನಿಂದ ಬೆಲೆ ಕೇಳುವ ಮೊದಲು ಬೇರೊಂದು ಪ್ರಶ್ನೆ ಹಾಕಿಕೊಳ್ಳತೊಡಗಿದೆ: ಇದರ ಸವೆತವನ್ನು ನಾನು ಅಳೆಯಬಲ್ಲೆನೇ?

ಎಂಜಿನ್ ಅಳತೆಗೆ ಸಿಗುತ್ತದೆ. ಅದಕ್ಕೇ ಬಿಡಿ ಎಂಜಿನ್ ಬಿಟ್ಟು, ಓಡುವ ಸ್ಥಿತಿಯಲ್ಲಿದ್ದ ಇಡೀ ಮಾಜ್ದಾ ಕಾರನ್ನೇ ಕೊಂಡೆ. ಬಾಡಿ ತುಕ್ಕು ಹಿಡಿದಿತ್ತು. ಹೇಗೂ ಎಸೆಯುವ ಬಾಡಿ, ನನಗೇನು? ಎಂಜಿನ್ ಇಳಿಸುವ ಮೊದಲು ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ನೋಡಿದೆ. ಹೆಚ್ಚಿನದಕ್ಕೂ ಕಡಿಮೆಯದಕ್ಕೂ ನಡುವಿನ ಅಂತರ ಶೇ. 10ರ ಒಳಗೇ ಇತ್ತು. ಓಡಿಸಿ ನೋಡಿದ್ದರಿಂದ ಗೇರ್‌ಬಾಕ್ಸ್ ಸದ್ದು ಮಾಡುವುದಿಲ್ಲವೆಂದೂ ಗೊತ್ತಾಯಿತು. ಬ್ರೇಕ್ ಡಿಸ್ಕ್‌ನ ಕನಿಷ್ಠ ದಪ್ಪ ಅದರ ಮೇಲೆಯೇ ಅಚ್ಚಾಗಿರುತ್ತದೆ. ಮೈಕ್ರೋಮೀಟರ್ ಹಿಡಿದರೆ, ಮಿತಿಗಿಂತ 0.3 ಮಿ.ಮೀ. ಮಾತ್ರ ಹೆಚ್ಚಿತ್ತು. ಅವು ಗುಜರಿಗೆ ಹೋದವು. ಇಡೀ ಕಾರು ಕೊಂಡದ್ದರ ಇನ್ನೊಂದು ಲಾಭ, ಪಟ್ಟಿ ಬರೆಯುವಾಗ ಯಾರಿಗೂ ನೆನಪಾಗದ ಕ್ಲಿಪ್ಪು, ಬ್ರಾಕೆಟ್ಟು, ಸೆನ್ಸರ್, ವೈರಿಂಗ್‌ನ ತುದಿಗಳು. ಬಿಚ್ಚುವಾಗ ಪ್ರತಿಯೊಂದಕ್ಕೂ ಚೀಟಿ ಕಟ್ಟಿದೆ. ಒಂದು ಭಾನುವಾರ ಸೋಮಾರಿತನದಿಂದ ಚೀಟಿ ಕಟ್ಟದೆ ಬಿಟ್ಟ ಡಬ್ಬಿಯ ಬೋಲ್ಟುಗಳು ಇಂದಿಗೂ ಅನಾಥವಾಗಿಯೇ ಇವೆ.

ರಬ್ಬರ್ ಹಾಗಲ್ಲ, ಅದು ಒಳಗಿನಿಂದ ಕೆಡುತ್ತದೆ. ಹಳೆಯ ಬ್ರೇಕ್ ಹೋಸ್ ಹೊರಗೆ ಚೆನ್ನಾಗಿಯೇ ಕಂಡರೂ ಒಳಪದರ ಊದಿಕೊಂಡು, ಪೆಡಲ್ ಬಿಟ್ಟ ಮೇಲೂ ಆಯಿಲ್ ವಾಪಸ್ ಹೋಗಲು ಬಿಡದಿರಬಹುದು. ಆಗ ಬ್ರೇಕ್ ಹಿಡಿದೇ ಇರುತ್ತದೆ. ಹೋಸ್, ಬುಷ್, ಟೈಮಿಂಗ್ ಬೆಲ್ಟ್ ಎಲ್ಲವನ್ನೂ ಯೋಚಿಸದೆ ಹೊಸದು ಹಾಕಿದೆ. ಟೈರ್‌ಗೆ ಹುಟ್ಟಿದ ದಿನಾಂಕವೇ ಇರುತ್ತದೆ: 2319 ಎಂದಿದ್ದರೆ 2019ರ 23ನೇ ವಾರ. ನಾನು ಕೊಂಡ ಮಾಜ್ದಾದ ಟೈರ್‌ಗಳಲ್ಲಿ ನೆಲ ಹಿಡಿಯುವ ಗೀರುಗಳು ಚೆನ್ನಾಗಿದ್ದವು, ಆದರೆ ಅವು ಹನ್ನೊಂದು ವರ್ಷ ಹಳೆಯವು. ಬಿಗಿಯುವಾಗ ಹಿಗ್ಗುವ ಜಾತಿಯ ಬೋಲ್ಟ್‌ಗಳನ್ನೂ ನೈಲಾನ್ ಉಂಗುರದ ನಟ್‌ಗಳನ್ನೂ ಮರುಬಳಕೆ ಮಾಡಲಿಲ್ಲ.

ಸ್ಪ್ರಿಂಗ್ ಮತ್ತು ಡ್ಯಾಂಪರ್‌ (ಶಾಕ್ ಅಬ್ಸಾರ್ಬರ್) ಗಳ ವಿಷಯದಲ್ಲಿ ಚರ್ಚೆಯೇ ಬೇಕಾಗಲಿಲ್ಲ. ಮಾಜ್ದಾ ಸುಮಾರು 950 ಕೆ.ಜಿ., ನನ್ನದು 600ರ ಆಸುಪಾಸು. ಅಷ್ಟು ಭಾರಕ್ಕೆ ಮಾಡಿದ ಸ್ಪ್ರಿಂಗ್ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ಹೊಂದುವುದಿಲ್ಲ.

ಹಾಗೆಂದು ಹೊಸದೆಲ್ಲ ಒಳ್ಳೆಯದೆಂಬ ಭ್ರಮೆಯೂ ಉಳಿಯಲಿಲ್ಲ. ಹೆಸರಿಲ್ಲದ ಡಬ್ಬಿಯಲ್ಲಿ ಬಂದ ಅಗ್ಗದ ಬಾಲ್ ಜಾಯಿಂಟ್ ಒಂದೇ ಮಳೆಗಾಲದಲ್ಲಿ ಅಲುಗಾಡತೊಡಗಿತು. ಅದರ ಪಕ್ಕದಲ್ಲೇ ಕೂತ ಹಳೆಯ ಹಬ್, ಕಂಪನಿಯ ಮೂಲ ಬೇರಿಂಗ್‌ನೊಂದಿಗೆ ಸದ್ದಿಲ್ಲದೆ ತಿರುಗುತ್ತಿದೆ.

ಕೊನೆಗೆ ಉಳಿದ ಅನುಮಾನ ಕ್ಲಚ್ ಪ್ಲೇಟ್‌ನದು. ಅರ್ಧಕ್ಕಿಂತ ಹೆಚ್ಚು ಲೈನಿಂಗ್ ಇತ್ತು. ಅಳತೆಯ ಪ್ರಕಾರ ಪಾಸು. ಆದರೆ ಅದು ಕೆಟ್ಟರೆ ಗೇರ್‌ಬಾಕ್ಸ್ ಇಳಿಸಬೇಕು. ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಮೂರನ್ನೂ ಹೊಸದು ಹಾಕಿ ಮುಚ್ಚಿದೆ. ಆಲ್ಟರ್ನೇಟರ್ ಮಾತ್ರ ಹಳೆಯದೇ, ಸ್ವಲ್ಪ ಗುಂಯ್‌ಗುಡುತ್ತದೆ ಕೂಡ. ಕೆಲವೇ ಬೋಲ್ಟ್ ಬಿಚ್ಚಿದರೆ ಕೈಗೆ ಬರುವ ವಸ್ತು, ನಿಂತ ದಿನ ನೋಡಿಕೊಳ್ಳುತ್ತೇನೆ.